ಕುಳಿತವರೂ ಆಡುತ್ತಾರೆ

ಚಿತ್ರದುರ್ಗದ ಸೀಮೆಗೆ ಸೇರಿದ ಮದಕರಿಪುರವೆಂಬ ಊರಿನ ಹೆಸರಿನಲ್ಲಿಯೇ ಒಬ್ಬ ನಾಯಕನಿದ್ದಾನೆ. ಈ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ನಾಯಕನೆಂದರೆ ಯಾರೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಕುದುರೆಯ ಮೇಲೆ ಕುಳಿತು, ಕತ್ತಿ ಹಿರಿದು, ಎಲ್ಲರಿಗಿಂತಲೂ ಮುಂದೆ ನುಗ್ಗುವವನೇ ನಾಯಕನೆಂಬ ಚಿತ್ರ ಚಿಕ್ಕಂದಿನಲ್ಲಿಯೇ ಅವರ ಕಣ್ಣಿಗೆ ಕಟ್ಟಿರುತ್ತದೆ. ನನಗೂ ಹಾಗೆಯೇ ಕಟ್ಟಿತ್ತು. ಆ ಚಿತ್ರವನ್ನು ತಿದ್ದಿದ್ದು ಚರಿತ್ರೆಯ ಗ್ರಂಥವಲ್ಲ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ನಾವು ಆಡುತ್ತಿದ್ದ ಖೊಖೊ ಆಟ. ತಿದ್ದುಪಡಿ ಮನಸ್ಸಿಗೆ ಇಳಿಯುವುದಕ್ಕೆ ಮಾತ್ರ ಮೂವತ್ತು ವರ್ಷಗಳೇ ಬೇಕಾದವು.

ಖೊಖೊ ಆಟವನ್ನು ಆಡದವರು ನಮ್ಮಲ್ಲಿ ವಿರಳ. ಆದರೆ ಅದರ ನಿಯಮಗಳಲ್ಲಿ ಅಡಗಿರುವ ವಿವೇಕವನ್ನು ಯೋಚಿಸಿ ನೋಡಿದವರು ಇನ್ನೂ ವಿರಳ. ಎರಡು ಕಂಬಗಳ ನಡುವೆ ಎಂಟು ಮಂದಿ ಸಾಲಾಗಿ ಕುಳಿತಿರುತ್ತಾರೆ. ಒಬ್ಬನು ಈ ಕಡೆಗೆ ಮುಖಮಾಡಿದ್ದರೆ ಪಕ್ಕದವನು ಆ ಕಡೆಗೆ. ಒಂಬತ್ತನೆಯವನು ಎದುರಾಳಿಯನ್ನು ಅಟ್ಟುತ್ತಾನೆ. ತಪ್ಪಿಸಿಕೊಳ್ಳುವವನಿಗೆ ಸಕಲ ಸ್ವಾತಂತ್ರ್ಯವುಂಟು; ಅವನು ಸಾಲನ್ನು ಎಲ್ಲಿ ಬೇಕಾದರೂ ಭೇದಿಸಿ ಆಚೆಗೆ ಹೋಗಬಹುದು. ಅಟ್ಟುವವನಿಗಾದರೋ ಕಟ್ಟುಪಾಡುಗಳೇ ಎಲ್ಲ. ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಎದುರಾಳಿ ಆಚೆಯ ಬದಿಗೆ ನುಸುಳಿದನೆಂದರೆ ಇವನಿಗೆ ಉಳಿದಿರುವ ದಾರಿ ಒಂದೇ: ಆ ಕಡೆಗೆ ಮುಖಮಾಡಿ ಕುಳಿತವನ ಬೆನ್ನು ಮುಟ್ಟಿ, ‘ಖೊ’ ಎಂದು ಕೂಗಿ, ಅವನ ಜಾಗದಲ್ಲಿ ತಾನು ಕುಳಿತುಕೊಳ್ಳುವುದು. ಒಬ್ಬನ ಕಾಲಿನ ಬಲವೊಂದರಿಂದಲೇ ಈ ಆಟವನ್ನು ಗೆಲ್ಲಲಾಗದಂತೆ ನಮ್ಮ ಹಿರಿಯರು ಇದನ್ನು ಕಟ್ಟಿದ್ದಾರೆ.

ಚಿಕ್ಕಂದಿನಲ್ಲಿ ನಾನು ಒಳ್ಳೆಯ ಓಟಗಾರನಾಗಿದ್ದೆ. ಒಮ್ಮೆ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಎದುರಾಳಿಯೊಬ್ಬನನ್ನು ಹಿಡಿದೇ ತೀರುತ್ತೇನೆಂಬ ಹಟದಿಂದ ಅಟ್ಟತೊಡಗಿದೆ. ನಡುವೆ ಖೊ ಕೊಡಬಹುದಾದ ಸ್ಥಾನದಲ್ಲಿ ಸ್ವಲ್ಪ ದಪ್ಪಗಿದ್ದ ಸಹಪಾಠಿಯೊಬ್ಬ ಕುಳಿತಿದ್ದ. ಇವನಿಂದ ಏನಾದೀತು ಎಂದು ಅವನನ್ನು ದಾಟಿಯೇ ಹೋದೆ. ಎದುರಾಳಿ ಕಂಬ ಸುತ್ತಿ ಬಂದ. ನಾನೂ ಸುತ್ತಿ ಬಂದೆ. ಸುತ್ತುತ್ತಿದ್ದಂತೆಯೇ ಸೀಟಿ ಊದಿತು, ಪಂದ್ಯ ಕೈತಪ್ಪಿತು. ಏದುಸಿರು ಬಿಡುತ್ತಾ ನಿಂತಿದ್ದ ನನ್ನನ್ನು ಡ್ರಿಲ್ ಮೇಷ್ಟ್ರು ಬೈಯಲಿಲ್ಲ. “ನೀನು ಓಡಿದ್ದು ನೋಡೋಕೆ ಚೆನ್ನಾಗಿತ್ತು ಕಣೋ. ಆದರೆ ಅಲ್ಲಿ ಎಂಟು ಜನ ಕೂತಿದ್ರಲ್ಲ, ಅವರನ್ನೇನು ತೇರು ನೋಡೋಕೆ ಕೂರಿಸಿದ್ವಾ?” ಎಂದರು. ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ಮಾತಿನ ಮೊನೆ ಅಂದು ನಾಟಲಿಲ್ಲ.

ನಾಟಿದ್ದು ಕೆಲವು ವರ್ಷಗಳ ಹಿಂದೆ. ಕಾಲೇಜಿನ ಸಾಹಿತ್ಯ ಸಂಘದ ವಾರ್ಷಿಕೋತ್ಸವದ ಹೊಣೆ ನನ್ನ ಮೇಲಿತ್ತು. ಅತಿಥಿಗಳಿಗೆ ಪತ್ರ ಬರೆದವನು ನಾನು, ಆಹ್ವಾನ ಪತ್ರಿಕೆಯ ಕರಡು ತಿದ್ದಿದವನು ನಾನು, ಧ್ವನಿವರ್ಧಕ ಗೊತ್ತುಮಾಡಿದವನು ನಾನು. ಶಾಲು ಫಲತಾಂಬೂಲಗಳಿದ್ದ ಬೀರುವಿನ ಬೀಗದ ಕೈ ಸಹ ನನ್ನ ಜೇಬಿನಲ್ಲಿ. ವಿದ್ಯಾರ್ಥಿಗಳು ಬಂದು “ಸಾರ್, ನಾವೇನು ಮಾಡಬೇಕು?” ಎಂದಾಗಲೆಲ್ಲ “ನೀವು ಬಂದು ಕೂತರೆ ಸಾಕು” ಎಂದು ಉದಾರವಾಗಿ ಹೇಳಿ ಕಳುಹಿಸಿದ್ದೆ. ಹಿಂದಿನ ರಾತ್ರಿ ಜ್ವರ ಹಿಡಿಯಿತು. ಬೆಳಗ್ಗೆ ಮೈಮೇಲೆ ಎಚ್ಚರವಿಲ್ಲದಂತೆ ಮಲಗಿಬಿಟ್ಟೆ. ದೂರದ ಊರಿನಿಂದ ಬಂದ ಹಿರಿಯ ಸಾಹಿತಿಗಳು ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕಾಲ ಕುಳಿತಿದ್ದು, ಕೊನೆಗೆ ತಾವೇ ದಾರಿ ಕೇಳಿಕೊಂಡು ಕಾಲೇಜಿಗೆ ನಡೆದು ಬಂದರಂತೆ. ಸಭಾಂಗಣದಲ್ಲಿ ಇನ್ನೂರು ವಿದ್ಯಾರ್ಥಿಗಳಿದ್ದರು. ಅತಿಥಿಗಳು ಯಾವ ಬಸ್ಸಿಗೆ ಬರುತ್ತಾರೆಂದು ತಿಳಿದವರು ಒಬ್ಬರೂ ಇರಲಿಲ್ಲ. ಮರುದಿನ ವಿದ್ಯಾರ್ಥಿನಿಯೊಬ್ಬಳು ತಲೆ ತಗ್ಗಿಸಿ, “ನಮಗೆ ಯಾವುದೂ ಗೊತ್ತಿರಲಿಲ್ಲ ಸಾರ್, ನೀವು ಹೇಳಿರಲಿಲ್ಲ” ಎಂದಳು. ಮೇಷ್ಟ್ರ ಮಾತು ಆಗ ನೆನಪಾಯಿತು. ಇನ್ನೂರು ಮಂದಿಯನ್ನು ತೇರು ನೋಡುವುದಕ್ಕೆ ಕೂರಿಸಿದವನು ನಾನೇ.

ಅಂದಿನಿಂದ ಆಟಗಳನ್ನು ನೋಡುವ ನನ್ನ ದೃಷ್ಟಿಯೇ ಬೇರೆಯಾಯಿತು. ಸೋಲು ಗೆಲುವುಗಳ ಕಡೆಗಿಂತ, ಲೆಕ್ಕಕ್ಕೆ ಬಾರದವರ ಕಡೆಗೆ ಕಣ್ಣು ಹೊರಳಿತು. ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಅದೇ ಸಾಲಿನ ರಣಜಿ ಪಂದ್ಯಾವಳಿಯ ಉಪಾಂತ್ಯದಲ್ಲಿ, ಸತತವಾಗಿ 15 ವರ್ಷ ಪ್ರಶಸ್ತಿಯನ್ನು ಬಿಟ್ಟುಕೊಡದಿದ್ದ ಮುಂಬಯಿ ತಂಡವನ್ನು ನಮ್ಮವರು ಬೆಂಗಳೂರಿನಲ್ಲಿ ಎದುರಿಸಿದರು. ವಿಶ್ವನಾಥರ 162 ಓಟಗಳನ್ನೂ ಬ್ರಿಜೇಶ್ ಪಟೇಲರ 106 ಓಟಗಳನ್ನೂ ಹಿರಿಯರು ಇಂದಿಗೂ ನೆನೆಯುತ್ತಾರೆ. ನಾಯಕ ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡಿದ ಎಸೆತವನ್ನಂತೂ ಕಂಡಂತೆಯೇ ವರ್ಣಿಸುತ್ತಾರೆ. ಆದರೆ ನೆಲೆಯೂರಿ ಆಡುತ್ತಿದ್ದ ವಾಡೇಕರರು ಹೋದುದು ಕಾಲು ಜಾರಿ, ರನೌಟಾಗಿ. ರನೌಟು ಯಾವ ಬೌಲರನ ಖಾತೆಗೂ ಸೇರುವುದಿಲ್ಲ. ಚೆಂಡು ತನ್ನ ಕಡೆಗೆ ಬರಲಿ ಬಾರದಿರಲಿ, ದಿನವಿಡೀ ಬಿಸಿಲಿನಲ್ಲಿ ಬಾಗಿ ನಿಂತವನ ಎಚ್ಚರಕ್ಕೆ ಸಂದ ಫಲ ಅದು. ಕರ್ನಾಟಕ 385, ಮುಂಬಯಿ 307. ಮೊದಲ ಸರದಿಯ ಈ ಮುನ್ನಡೆಯಿಂದಲೇ ನಮ್ಮವರು ಅಂತಿಮ ಪಂದ್ಯಕ್ಕೆ ನಡೆದು, ರಾಜಸ್ಥಾನವನ್ನು ಸೋಲಿಸಿ, ಮೊದಲ ಬಾರಿಗೆ ಪ್ರಶಸ್ತಿಯನ್ನು ತಂದರು.

ವ್ಯಾಪಾರಕ್ಕೂ ಆಟಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ನಾನು ಕಬಡ್ಡಿಯನ್ನು ತೋರಿಸುತ್ತೇನೆ. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿ ಎಷ್ಟು ಮಂದಿಯನ್ನು ಮುಟ್ಟಿದರೂ, ಮರಳಿ ನಡುಗೆರೆಯನ್ನು ಮುಟ್ಟದಿದ್ದರೆ ಆ ಮುಟ್ಟಿದ್ದಕ್ಕೆ ಬೆಲೆಯಿಲ್ಲ. ಚಳ್ಳಕೆರೆಯ ಕಡೆಯಿಂದ ಕಂಬಳಿ ಹೊತ್ತು ಸಂತೆಗೆ ಬರುವ ವ್ಯಾಪಾರಿಗೆ ಈ ನಿಯಮವನ್ನು ಯಾರೂ ಕಲಿಸಬೇಕಾಗಿಲ್ಲ. ಮಾತಿನ ಮೋಡಿಯಿಂದ ಈ ವಾರ ಒಂದು ಕಳಪೆ ಕಂಬಳಿಯನ್ನು ದಾಟಿಸಿಬಿಡಬಹುದು. ಮುಂದಿನ ವಾರ ಅದೇ ಸಂತೆಗೆ, ಅದೇ ಗಿರಾಕಿಯ ಮುಂದೆ ಬರಬೇಕಲ್ಲ! ಹಿಂದಿರುಗಿ ಬರುವ ದಾರಿಯನ್ನು ಉಳಿಸಿಕೊಂಡು ಮಾರುವುದೇ ಮಾರಾಟ. ಅಲ್ಲದೆ ಕಬಡ್ಡಿಯಲ್ಲಿ ಇನ್ನೊಂದು ಸೊಗಸುಂಟು. ಎದುರಾಳಿಯೊಬ್ಬನು ಔಟಾದರೆ, ಹೊರಗೆ ಕುಳಿತಿದ್ದ ನಮ್ಮವನೊಬ್ಬನು ಜೀವ ಪಡೆದು ಒಳಗೆ ಬರುತ್ತಾನೆ. ನನ್ನ ಗೆಲುವು ಸೋತು ಕುಳಿತ ಗೆಳೆಯನಿಗೆ ಮರುಹುಟ್ಟಾಗಬೇಕೆಂಬ ಈ ನಿಯಮವನ್ನು ನಮ್ಮ ಕಚೇರಿಗಳೂ ಅಂಗಡಿಗಳೂ ಪಾಲಿಸಿದರೆ ಎಷ್ಟು ಚೆನ್ನಾಗಿದ್ದೀತು!

ಇಷ್ಟೆಲ್ಲ ಹೇಳಿದ ಮೇಲೆ ದುರ್ಗದವನು ಓಬವ್ವನನ್ನು ಮರೆಯಬಾರದು. ಊಟಕ್ಕೆಂದು ಮನೆಗೆ ಬಂದ ಕಾವಲುಗಾರ ಗಂಡ, ನೀರಿಗೆಂದು ಹೋದ ಹೆಂಡತಿ, ಕಿಂಡಿಯಲ್ಲಿ ನುಸುಳುತ್ತಿರುವ ಹೈದರಾಲಿಯ ಸೈನಿಕರು, ಕೈಗೆ ಸಿಕ್ಕ ಒನಕೆ – ಈ ಕಥೆ ಎಲ್ಲರಿಗೂ ಬಾಯಿಪಾಠ. ಅವಳ ಶೌರ್ಯವನ್ನು ಕೊಂಡಾಡುವ ನಾವು ಒಂದು ಮಾತನ್ನು ಗಮನಿಸುವುದಿಲ್ಲ. ಕಾವಲು ಅವಳ ಉದ್ಯೋಗವಲ್ಲ. ಆದರೂ ಕಿಂಡಿಯೆಲ್ಲಿದೆ, ಅಪಾಯವೇನು, ಆ ಗಳಿಗೆಯಲ್ಲಿ ಮಾಡಬೇಕಾದುದೇನು ಎಂಬುದೆಲ್ಲವೂ ಅವಳಿಗೆ ತಿಳಿದಿತ್ತು. ಯಾರೂ ಖೊ ಎನ್ನದಿದ್ದರೂ ಎದ್ದು ನಿಂತವಳು ಅವಳು. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು, ನಿಜ; ಆದರೆ ನಾಯಕರ ಹೆಸರಿನಷ್ಟೇ ಗೌರವದಿಂದ ಈ ನೆಲ ಇಂದಿಗೂ ಒಬ್ಬ ಕಾವಲುಗಾರನ ಹೆಂಡತಿಯ ಹೆಸರನ್ನು ಹೇಳುತ್ತದೆ. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರನ್ನಿಟ್ಟವರು ಉಚಿತವಾದುದನ್ನೇ ಮಾಡಿದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊಖೊ ಆಟದ ಮೊದಲ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ನೇಪಾಳದೊಡನೆ ನಡೆದ ಮಹಿಳೆಯರ ಅಂತಿಮ ಪಂದ್ಯದಲ್ಲಿ ಶ್ರೇಷ್ಠ ಆಟಗಾರ್ತಿಯೆನಿಸಿದವರು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಹಳ್ಳಿಯ ಬಯಲಿನ ಆಟವೊಂದು ಅಷ್ಟು ದೂರ ನಡೆದುದನ್ನು ಕಂಡು ಹಿಗ್ಗಿದೆ. ಜೊತೆಗೆ ನಾಚಿಕೆಯೂ ಆಯಿತು. ಪಾಠ ಮುಗಿಯಲಿಲ್ಲವೆಂಬ ನೆಪದಿಂದ ವಿದ್ಯಾರ್ಥಿಗಳ ಆಟದ ಅವಧಿಯನ್ನು ಕಿತ್ತುಕೊಂಡು ಛಂದಸ್ಸು ಬೋಧಿಸಿದ ಪಾಪ ನನ್ನ ಲೆಕ್ಕದಲ್ಲಿಯೂ ಉಂಟು. ಲಘು ಗುರುಗಳನ್ನು ಅವರು ಪರೀಕ್ಷೆಯ ಮರುದಿನ ಮರೆತಿರಬೇಕು. ಬಯಲಿನಲ್ಲಿ ಬೆನ್ನ ಮೇಲೆ ಬಿದ್ದ ಕೈಯನ್ನು ಮರೆಯುತ್ತಿರಲಿಲ್ಲ.

ಈಚಿನ ವಾರ್ಷಿಕೋತ್ಸವವನ್ನು ವಿದ್ಯಾರ್ಥಿಗಳ ಕೈಗೇ ಬಿಟ್ಟುಕೊಟ್ಟೆ. ಬೀರುವಿನ ಬೀಗದ ಕೈಯನ್ನೂ ಕೊಟ್ಟೆ. ತಪ್ಪುಗಳು ಆಗದೇ ಇರಲಿಲ್ಲ. ಸ್ವಾಗತ ಭಾಷಣದಲ್ಲಿ ಅಧ್ಯಕ್ಷರ ಹೆಸರು ಅಪಭ್ರಂಶವಾಯಿತು, ಧ್ವನಿವರ್ಧಕ ಎರಡು ಬಾರಿ ಮುನಿಸಿಕೊಂಡಿತು. ಆದರೆ ಅತಿಥಿಗಳು ಬಸ್ಸಿನಿಂದ ಇಳಿಯುವಾಗ ನಾಲ್ವರು ಎದುರುಗೊಳ್ಳಲು ನಿಂತಿದ್ದರು. ನಾನು ಕೊನೆಯ ಸಾಲಿನಲ್ಲಿ, ಮಾಡಲು ಏನೂ ಇಲ್ಲದವನಂತೆ ಕುಳಿತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಪ್ರಥಮ ವರ್ಷದ ಹುಡುಗನೊಬ್ಬ ಸಂಕೋಚದಿಂದ, “ಸಾರ್, ಕುರ್ಚಿ ಸಾಲದು. ಪಕ್ಕದ ಕೋಣೆಯಿಂದ ತರೋಕೆ ಒಬ್ಬರು ಬೇಕಿತ್ತು” ಎಂದ.

ನಾನು ಎದ್ದು ಓಡಿದೆ.