ಇಳಿದ ತೂಕ ಮರಳಿ ಏರಿದಾಗ: ಎರಡನೆಯ ಆರಂಭದ ಬಗೆ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಗ್ರಾಮಗಳಲ್ಲಿ ತೂಕ ಇಳಿಸಿಕೊಳ್ಳುವ ಸಂಕಲ್ಪ ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಂಡಿನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಕಾರಣದಿಂದ ವೈದ್ಯರ ಸಲಹೆ ಪಡೆದ ಅನೇಕರು ರಾತ್ರಿಯ ಊಟ ಬಿಟ್ಟು, ನಸುಕಿನಲ್ಲಿ ನಡೆದು, ಮೂರು-ನಾಲ್ಕು ತಿಂಗಳಲ್ಲಿ ಎಂಟು-ಹತ್ತು ಕಿಲೋ ಇಳಿಸಿರುವುದುಂಟು. ಆದರೆ ಮದುವೆ-ಜಾತ್ರೆಗಳ ಕಾಲ ಮುಗಿದು ಕಬ್ಬು ನುರಿಸುವ ಹಂಗಾಮು ಬರುವಷ್ಟರಲ್ಲಿ ಇಳಿದ ತೂಕ ಮರಳಿ ಬಂದಿರುತ್ತದೆ; ಕೆಲವೊಮ್ಮೆ ಮೊದಲಿಗಿಂತ ಎರಡು ಕಿಲೋ ಹೆಚ್ಚಾಗಿಯೂ ಬಂದಿರುತ್ತದೆ. ಇಂತಹವರು ತೂಕದ ಯಂತ್ರ ಹತ್ತಲು ನಾಚುತ್ತಾರೆ; ಮುಂದೆ ಉಪಕೇಂದ್ರಕ್ಕೆ ಹೋಗುವುದನ್ನೇ ನಿಲ್ಲಿಸುತ್ತಾರೆ. ನಿಜವಾದ ಅಪಾಯ ಇಲ್ಲಿಂದ ಆರಂಭವಾಗುತ್ತದೆ. ತಪಾಸಣೆ ತಪ್ಪಿದರೆ ಏರುತ್ತಿರುವ ರಕ್ತದೊತ್ತಡವೂ ಸಕ್ಕರೆ ಅಂಶವೂ ಯಾರ ಗಮನಕ್ಕೂ ಬಾರದೆ ಉಳಿಯುತ್ತವೆ.

ಆದುದರಿಂದ ತೂಕ ಏಕೆ ಮರಳುತ್ತದೆ, ಮತ್ತೆ ಆರಂಭಿಸುವವರು ಯಾವ ಕ್ರಮ ಅನುಸರಿಸಬೇಕು, ಇದರಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಪಾತ್ರವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ವ್ಯಾಪ್ತಿ

2015-16ರ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಶೇ. 23.3ರಷ್ಟು ಮತ್ತು ಪುರುಷರಲ್ಲಿ ಶೇ. 22.1ರಷ್ಟು ಜನ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. 2019-21ರ ಐದನೆಯ ಸಮೀಕ್ಷೆಯಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 30.1 ಮತ್ತು ಶೇ. 30.9ಕ್ಕೆ ಏರಿತು. ಅಂದರೆ ರಾಜ್ಯದಲ್ಲಿ ಹತ್ತು ಜನ ವಯಸ್ಕರಲ್ಲಿ ಮೂವರು ಈ ಗುಂಪಿಗೆ ಸೇರುತ್ತಾರೆ.

ಈ ಭಾಗದಲ್ಲಿ ಕಾರಣಗಳು ಕಣ್ಣೆದುರಿಗೇ ಇವೆ. ಘಟಪ್ರಭೆಯ ಕಾಲುವೆ ನೀರು ಹರಿದಲ್ಲೆಲ್ಲ ಕಬ್ಬು ಮತ್ತು ಗೋವಿನಜೋಳ ಬೆಳೆದಿವೆ. ರಂಟೆ-ಕುಂಟೆಯ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರ್ ಸೈಕಲ್ ಮೇಲೆ ಹೋಗುತ್ತಾರೆ. ದುಡಿಮೆಯ ಶ್ರಮ ಇಳಿದರೂ ಊಟದ ಪ್ರಮಾಣ ಹಿಂದಿನಷ್ಟೇ ಉಳಿದಿದೆ. ಅದರ ಮೇಲೆ ಚಹಾ, ಭಜಿ, ಫರಸಾಣ, ಬೇಕರಿ ತಿನಿಸು ಸೇರಿವೆ.

ತೂಕ ಮರಳುವುದೇಕೆ?

ತೂಕ ಮರಳಿದವರನ್ನು ಮನಸ್ಸಿನ ಹಿಡಿತವಿಲ್ಲದವರೆಂದು ಜರಿಯುವುದು ರೂಢಿ. ವೈದ್ಯಕೀಯ ಸಂಶೋಧನೆ ಬೇರೆಯ ಚಿತ್ರ ನೀಡುತ್ತದೆ. ದೇಹವು ತೂಕದ ಇಳಿಕೆಯನ್ನು ಬರಗಾಲವೆಂದೇ ಭಾವಿಸುತ್ತದೆ. ಹೊಟ್ಟೆ ತುಂಬಿದ ಸಂದೇಶ ನೀಡುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಏರುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕ ಇಳಿಸಿದವರಲ್ಲಿ ಈ ಬದಲಾವಣೆಗಳು ಒಂದು ವರ್ಷದ ನಂತರವೂ ಉಳಿದಿದ್ದವು.

ದೇಹ ಸುಮ್ಮನೆ ಕುಳಿತಾಗ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಅತಿವೇಗವಾಗಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಹೆಚ್ಚಿನವರ ತೂಕ ಮರಳಿತ್ತು. ಅವರ ದೇಹ ನಿರೀಕ್ಷಿತ ಪ್ರಮಾಣಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆ ಖರ್ಚು ಮಾಡುತ್ತಿತ್ತು. ಈ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಉಪವಾಸದಿಂದ ತೂಕ ಇಳಿಸುವಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ ಎಂಬುದು ಇನ್ನೊಂದು ಅಂಶ. ಶಕ್ತಿಯನ್ನು ಖರ್ಚು ಮಾಡುವ ಅಂಗವೇ ಕ್ಷೀಣಿಸಿದ ಮೇಲೆ ಹಳೆಯ ಊಟಕ್ಕೆ ಮರಳಿದರೆ ತೂಕ ಬೇಗನೆ ಏರುವುದು ಸಹಜ.

ಇದರಿಂದ ತಿಳಿಯಬೇಕಾದುದು ಇಷ್ಟು: ಕೆಲವು ತಿಂಗಳ ವ್ರತದಂತೆ ಕೈಗೊಂಡ ಪಥ್ಯ ನಿಲ್ಲುವುದಿಲ್ಲ. ವರ್ಷವಿಡೀ ನಡೆಸಬಹುದಾದ ಸಣ್ಣ ಬದಲಾವಣೆಗಳೇ ನಿಲ್ಲುತ್ತವೆ.

ಮೊದಲ ಹೆಜ್ಜೆ: ಅಳತೆ

ಎರಡನೆಯ ಬಾರಿ ಆರಂಭಿಸುವವರು ಮೊದಲು ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಅಂಶವನ್ನು ಬರೆದಿಡಬೇಕು. 30 ವರ್ಷ ಮೇಲ್ಪಟ್ಟವರ ಬಗ್ಗೆ ಆಶಾ ಕಾರ್ಯಕರ್ತೆಯರು ಭರ್ತಿ ಮಾಡುವ ಸಮುದಾಯ ಆಧಾರಿತ ಮೌಲ್ಯಮಾಪನ ನಮೂನೆಯಲ್ಲಿ ಸೊಂಟದ ಅಳತೆಗೂ ಅಂಕವಿದೆ. ಮಹಿಳೆಯರಿಗೆ 80 ಸೆಂ.ಮೀ., ಪುರುಷರಿಗೆ 90 ಸೆಂ.ಮೀ. ಮೀರಿದರೆ ಅಂಕ ಸೇರುತ್ತದೆ. ಒಟ್ಟು ಅಂಕ 4ನ್ನು ದಾಟಿದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳುಹಿಸಲಾಗುತ್ತದೆ. ತೂಕದ ಮುಳ್ಳು ಕದಲದ ವಾರಗಳಲ್ಲಿಯೂ ಸೊಂಟದ ಅಳತೆ ಇಳಿದಿರುವ ಸಾಧ್ಯತೆ ಇರುವುದರಿಂದ ಎರಡನ್ನೂ ದಾಖಲಿಸುವುದು ಲೇಸು.

ಗುರಿ ಎಷ್ಟಿರಬೇಕು?

ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕದ ಸೂಚ್ಯಂಕ ದೊರೆಯುತ್ತದೆ. ಭಾರತೀಯರಿಗೆ 23ರಿಂದ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸಲಾಗುತ್ತದೆ. 155 ಸೆಂ.ಮೀ. ಎತ್ತರ, 72 ಕಿಲೋ ತೂಕದ ಮಹಿಳೆಯ ಸೂಚ್ಯಂಕ ಸುಮಾರು 30 ಆಗುತ್ತದೆ. ಇದನ್ನು 23ಕ್ಕೆ ಇಳಿಸಲು ಆಕೆ 55 ಕಿಲೋಗೆ ಬರಬೇಕು. ಇಷ್ಟು ದೂರದ ಗುರಿ ಹೇಳಿದರೆ ಮೊದಲ ದಿನವೇ ಉತ್ಸಾಹ ಕುಂದುತ್ತದೆ.

ತೂಕದ ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ ಮತ್ತು ಸಕ್ಕರೆ ಅಂಶ ಸುಧಾರಿಸುತ್ತವೆ. ಮೇಲಿನ ಉದಾಹರಣೆಯಲ್ಲಿ ಶೇ. 5 ಎಂದರೆ 3.6 ಕಿಲೋ ಮಾತ್ರ. ವಾರಕ್ಕೆ ಅರ್ಧ ಕಿಲೋ ಇಳಿಕೆ ಸುರಕ್ಷಿತ ವೇಗ. ಆ ಮೊದಲ ಗುರಿ ಮುಟ್ಟಿದ ನಂತರ ಎರಡು-ಮೂರು ತಿಂಗಳು ಅದೇ ತೂಕದಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಹಿಂದಿನ ಪ್ರಯತ್ನದಲ್ಲಿ ಕಲಿಯದೆ ಉಳಿದ ಪಾಠ ಸಾಮಾನ್ಯವಾಗಿ ಇದೇ ಆಗಿರುತ್ತದೆ.

ಊಟ: ನಮ್ಮ ಅಡುಗೆಮನೆಯಿಂದಲೇ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, 2000 ಕ್ಯಾಲೊರಿಯ ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಎಣ್ಣೆ-ಕೊಬ್ಬು 27 ಗ್ರಾಂ ಇರಬೇಕು. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಾದರೆ 250 ಗ್ರಾಂ ಎಂದರೆ ಐದು ರೊಟ್ಟಿ. ಅನ್ನ, ಅವಲಕ್ಕಿ, ಚುರುಮುರಿಗಳೂ ಈ ಲೆಕ್ಕದೊಳಗೇ ಬರಬೇಕು. ತೂಕ ಇಳಿಸುವವರು ರೊಟ್ಟಿಯ ನಂತರದ ಅನ್ನವನ್ನು ಅರ್ಧಕ್ಕೆ ಇಳಿಸಿ, ಆ ಜಾಗದಲ್ಲಿ ಮಡಕಿಕಾಳು, ಹೆಸರುಕಾಳು, ಪುಂಡಿ ಅಥವಾ ಮೆಂತ್ಯ ಪಲ್ಯ, ಸವತಿಕಾಯಿ, ಮೂಲಂಗಿ ಹೆಚ್ಚಿಸಿದರೆ ಹೊಟ್ಟೆ ತುಂಬುತ್ತದೆ, ಮಾಂಸಖಂಡವೂ ಉಳಿಯುತ್ತದೆ. ಯಾವ ಪಥ್ಯವೂ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗೆ ಇಳಿಯಬಾರದು.

ಎಣ್ಣೆಯ ಲೆಕ್ಕ ಸುಲಭ. ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಸುಮಾರು 3.25 ಕಿಲೋ ಮಿತಿ. ಶೇಂಗಾ ಹಿಂಡಿಯ ಮೇಲೆ ಸುರಿಯುವ ಎಣ್ಣೆಯೂ ಇದರಲ್ಲಿ ಸೇರಿದೆ.

ಸಕ್ಕರೆಯ ಮಿತಿ ದಿನಕ್ಕೆ 25 ಗ್ರಾಂ. ಎರಡು ಚಮಚ ಸಕ್ಕರೆಯ ಚಹಾ ಒಂದಕ್ಕೆ ಸುಮಾರು 10 ಗ್ರಾಂ. ಮನೆ, ಹೊಲ, ಅಂಗಡಿಕಟ್ಟೆ, ಪಂಚಾಯತಿ ಸೇರಿ ದಿನಕ್ಕೆ ಐದು ಕಪ್ ಕುಡಿದರೆ 50 ಗ್ರಾಂ ಆಯಿತು. ಬೆಲ್ಲ ತಿಂದರೆ ತೂಕ ಏರದು ಎಂಬ ನಂಬಿಕೆ ಈ ಕಬ್ಬಿನ ಸೀಮೆಯಲ್ಲಿ ಬಲವಾಗಿದೆ. ಶಕ್ತಿಯ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚಿನ ಅಂತರವಿಲ್ಲ. ಗೋಕಾಕದ ಕರದಂಟು ಅಂಟು, ಬೆಲ್ಲ, ಒಣಹಣ್ಣುಗಳಿಂದ ಕೂಡಿದ ಬಲವರ್ಧಕ ತಿನಿಸು. ಮೈಮುರಿದು ದುಡಿಯುವವರಿಗೆ ಅದು ಒಪ್ಪುತ್ತದೆ. ಕುಳಿತು ಕೆಲಸ ಮಾಡುವವರು ಅದನ್ನು ಸಣ್ಣ ತುಂಡಾಗಿ, ಅಪರೂಪಕ್ಕೆ ಸವಿಯಬೇಕು.

ಜಾತ್ರೆ-ಮದುವೆಗಳಲ್ಲಿ ಹೋಳಿಗೆ ಬೇಡವೆನ್ನುವ ಅಗತ್ಯವಿಲ್ಲ. ಒಂದು ಹೋಳಿಗೆ ಉಂಡು, ಮರುದಿನ ಎಂದಿನ ಕ್ರಮಕ್ಕೆ ಮರಳಿದರೆ ಸಾಕು. ಒಂದು ದಿನದ ಊಟದಿಂದ ಪ್ರಯತ್ನ ಕೆಡುವುದಿಲ್ಲ. ಒಮ್ಮೆ ಕೆಟ್ಟಿತೆಂದು ತಿಂಗಳಿಡೀ ಕೈಬಿಟ್ಟಾಗ ಕೆಡುತ್ತದೆ.

ನಡಿಗೆ ಮತ್ತು ಶ್ರಮ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ವಾರಕ್ಕೆ ಎರಡು ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮವನ್ನೂ ಸೂಚಿಸುತ್ತದೆ. ಇಳಿದ ತೂಕ ನಿಲ್ಲಿಸಿಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1994ರಿಂದ ಇಡಲಾಗುತ್ತಿದೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಒಂದು ಗಂಟೆಯಷ್ಟು ಶ್ರಮಪಡುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಮತ್ತೆ ಆರಂಭಿಸುವವರು ಹತ್ತು ನಿಮಿಷದಿಂದ ತೊಡಗಿ ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಬಹುದು. ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವುದೂ ತೊಡೆಗೆ ಬಲ ನೀಡುವ ವ್ಯಾಯಾಮವೇ.

ಕಬ್ಬಿನ ಹಂಗಾಮಿನಲ್ಲಿ ನಸುಕಿನ ಕತ್ತಲಲ್ಲಿ ಟ್ರೇಲರ್‌ಗಳು ಓಡಾಡುವ ರಸ್ತೆಯಲ್ಲಿ ನಡೆಯುವುದು ಅಪಾಯಕರ. ಬೆಳಕು ಹರಿದ ಮೇಲೆ ಶಾಲಾ ಮೈದಾನದಲ್ಲಿ ಅಥವಾ ಊರೊಳಗಿನ ಬೀದಿಗಳಲ್ಲಿ ನಡೆಯುವುದು ಕ್ಷೇಮ.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಊಟ ಬಿಟ್ಟರೆ ಸಕ್ಕರೆ ಅಂಶ ಅಪಾಯಕರವಾಗಿ ಕುಸಿಯಬಹುದು. ರಕ್ತದೊತ್ತಡದ ಮಾತ್ರೆಯನ್ನು ಸ್ವಇಚ್ಛೆಯಿಂದ ನಿಲ್ಲಿಸಬಾರದು. ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ಪಥ್ಯ ಕೈಗೊಳ್ಳಬಾರದು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಅಗತ್ಯ. ಸಂತೆಯಲ್ಲೋ ಮೊಬೈಲ್‌ನಲ್ಲೋ ಮಾರುವ, ಒಳಗೇನಿದೆಯೆಂದು ತಿಳಿಯದ ಪುಡಿ-ಕಷಾಯಗಳಿಂದ ದೂರವಿರಬೇಕು.

ಗ್ರಾಮ ಪಂಚಾಯತಿ ಸದಸ್ಯರು ಮಾಡಬಹುದಾದುದು

ಸುಸ್ಥಿರ ಅಭಿವೃದ್ಧಿ ಗುರಿಗಳ ಸ್ಥಳೀಕರಣಕ್ಕಾಗಿ ಗುರುತಿಸಿದ ಒಂಬತ್ತು ವಿಷಯಗಳಲ್ಲಿ ಆರೋಗ್ಯಪೂರ್ಣ ಗ್ರಾಮವೂ ಒಂದು. ಆದುದರಿಂದ ಕೆಳಗಿನ ಕಾರ್ಯಗಳನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ಚರ್ಚೆಯಲ್ಲಿ ತರಲು ಅವಕಾಶವಿದೆ.

1. ಶಾಲಾ ಮೈದಾನವನ್ನು ಬೆಳಿಗ್ಗೆ ಮತ್ತು ಸಂಜೆ ನಡಿಗೆಗೆ ತೆರೆದಿಡುವಂತೆ ಶಾಲಾಭಿವೃದ್ಧಿ ಸಮಿತಿಯೊಡನೆ ಮಾತನಾಡುವುದು. ಸುತ್ತಲಿನ ಬೀದಿದೀಪಗಳನ್ನು ಸರಿಪಡಿಸುವುದು.

2. ಪಂಚಾಯತಿ ಕಚೇರಿ ಅಥವಾ ಅರಿವು ಕೇಂದ್ರದಲ್ಲಿ ಮರೆಯಿರುವ ಜಾಗದಲ್ಲಿ ತೂಕದ ಯಂತ್ರ ಮತ್ತು ಅಳತೆ ಪಟ್ಟಿ ಇರಿಸುವುದು. ಹತ್ತು ಜನರೆದುರು ತೂಕ ಕೂಗಿ ಹೇಳುವ ಪದ್ಧತಿ ನಿಲ್ಲಬೇಕು.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ, ತಪಾಸಣೆ ಅರ್ಧಕ್ಕೆ ನಿಲ್ಲಿಸಿದವರನ್ನು ಆಶಾ ಕಾರ್ಯಕರ್ತೆಯರು ಮತ್ತು ಸಮುದಾಯ ಆರೋಗ್ಯ ಅಧಿಕಾರಿ ಮರಳಿ ಕರೆತರುವ ಬಗ್ಗೆ ವಿಚಾರಿಸುವುದು. ಯಾರ ಹೆಸರೂ ಸಭೆಯಲ್ಲಿ ಬಹಿರಂಗವಾಗಬಾರದು.

4. ಸಾಮಾನ್ಯ ಸಭೆಗಳಲ್ಲಿ ಭಜಿ ಮತ್ತು ಸಿಹಿ ಚಹಾದ ಬದಲು ಮೊಳಕೆಕಾಳಿನ ಉಸಳಿ, ಮಜ್ಜಿಗೆ ನೀಡುವುದು.

ಅದೇ ಗ್ರಾಮದಲ್ಲಿ ರಕ್ತಹೀನತೆಯ ಮಹಿಳೆಯರೂ ಕಡಿಮೆ ತೂಕದ ಮಕ್ಕಳೂ ಇರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಕಡಿಮೆ ಉಣ್ಣಿರಿ ಎಂಬ ಸಂದೇಶ ಎಲ್ಲರಿಗೂ ಅನ್ವಯಿಸದು. ಅಳತೆ ನೋಡಿ ಹೇಳಬೇಕಾದ ಮಾತು ಅದು.

ತೂಕ ಮರಳಿದವರು ಸದಸ್ಯರ ಮನೆಯಲ್ಲಿಯೂ ಇರಬಹುದು, ಸ್ವತಃ ಸದಸ್ಯರೂ ಆಗಿರಬಹುದು. ಹಿಂದೊಮ್ಮೆ ತೂಕ ಇಳಿಸಿದವರಿಗೆ ತಮ್ಮ ದೇಹಕ್ಕೆ ಯಾವ ಕ್ರಮ ಒಗ್ಗಿತು, ಯಾವ ತಿಂಗಳಲ್ಲಿ ಅದು ತಪ್ಪಿತು ಎಂಬ ಅನುಭವವಿದೆ. ಆ ಅನುಭವವನ್ನು ಬರೆದಿಟ್ಟುಕೊಂಡು ಆರಂಭಿಸಲಿ. ಎರಡು ಕಿಲೋ ಏರಿದ ಕೂಡಲೇ ಉಪಕೇಂದ್ರಕ್ಕೆ ಮರಳಲು ಅವರಿಗೆ ಸಂಕೋಚವಾಗದಂತಹ ವಾತಾವರಣವನ್ನು ಊರು ಒದಗಿಸಲಿ. ಅಷ್ಟಾದರೆ ಎರಡನೆಯ ಪ್ರಯತ್ನ ಮೊದಲನೆಯದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.