ಪುಡಿ ಬಣ್ಣ ಮತ್ತು ಅಂಟದ ಮ್ಯಾಟ್



ನಿಮ್ಮ ಮನೆಯ ಫ್ರಿಜ್ಜು, ಸೈಕಲ್ಲಿನ ಚೌಕಟ್ಟು, ಅಲ್ಯೂಮಿನಿಯಂ ಕಿಟಕಿ ಇವುಗಳ ಬಣ್ಣವನ್ನು ಒಮ್ಮೆ ಗಮನಿಸಿ ನೋಡಿ. ಕುಂಚದ ಗೆರೆ ಎಲ್ಲಿಯೂ ಕಾಣುವುದಿಲ್ಲ. ಬಣ್ಣ ಸೋರಿ ಹನಿಯಾಗಿ ನಿಂತ ಗುರುತೂ ಇರುವುದಿಲ್ಲ. ಇಂಥ ಅನೇಕ ವಸ್ತುಗಳಿಗೆ ಹಚ್ಚಿದ್ದು ಡಬ್ಬಿಯಲ್ಲಿ ಸಿಗುವ ತೆಳ್ಳನೆಯ ಬಣ್ಣವಲ್ಲ, ಒಣ ಪುಡಿ. ಹಿಟ್ಟಿನಂಥ ಪುಡಿಯನ್ನು ಲೋಹದ ಮೇಲೆ ಕೂರಿಸಿ, ಓವನ್ನಿನಲ್ಲಿ ಬೇಯಿಸಿ ಬಣ್ಣ ಮಾಡುತ್ತಾರೆ. ಇದಕ್ಕೆ 'ಪೌಡರ್ ಕೋಟಿಂಗ್' ಎಂದು ಹೆಸರು.

ನವನಗರದಿಂದ ಧಾರವಾಡದ ಕಡೆಗೆ ಹೊರಟರೆ ರಾಯಾಪುರ ಸಿಗುತ್ತದೆ. ಹುಬ್ಬಳ್ಳಿಯ ಕಡೆಗೆ ಹೋದರೆ ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳಿವೆ. ಹುಬ್ಬಳ್ಳಿಯು ಕೈಗಾರಿಕೆಗಳಿಗೆ ಬೇಕಾದ ವಾಲ್ವ್‌ಗಳ ತಯಾರಿಕೆಗೆ ಹೆಸರಾದ ಊರು. ಕಬ್ಬಿಣದ ಸಾಮಾನು ತಯಾರಾದ ಮೇಲೆ ಅದಕ್ಕೆ ತುಕ್ಕು ಹಿಡಿಯದಂತೆ ಹೊದಿಕೆ ಬೇಕಲ್ಲವೇ? ಆ ಹೊದಿಕೆ ಕೊಡುವ ವಿಧಾನಗಳಲ್ಲಿ ಪೌಡರ್ ಕೋಟಿಂಗ್ ಒಂದು.

ಈ ಲೇಖನದಲ್ಲಿ ಎರಡು ಪ್ರಶ್ನೆಗಳಿವೆ. ಒಣ ಪುಡಿ ಲೋಹಕ್ಕೆ ಹೇಗೆ ಅಂಟುತ್ತದೆ? ಅದೇ ಪುಡಿ ಸಿಲಿಕೋನ್ ಮ್ಯಾಟ್‌ಗೆ ಏಕೆ ಅಂಟುವುದಿಲ್ಲ? ಇವುಗಳಿಗೆ ಉತ್ತರ ಸಿಕ್ಕ ಮೇಲೆ ಮೂರನೆಯ ಪ್ರಶ್ನೆಯೊಂದು ಬರುತ್ತದೆ. ಅದು ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ್ದು.

ಪುಡಿ ಬೀಳದೆ ನಿಲ್ಲುವುದು ಹೇಗೆ?

ಮೊದಲು ಒಂದು ಪ್ರಯೋಗ ಮಾಡಿ. ಒಂದು ಕಾಗದದ ಮೇಲೆ ಚಿಟಿಕೆ ಗೋಧಿ ಹಿಟ್ಟನ್ನು ತೆಳ್ಳಗೆ ಹರಡಿ. ಪ್ಲಾಸ್ಟಿಕ್ ಸ್ಕೇಲನ್ನು ಒಣ ತಲೆಗೂದಲಿಗೆ ಇಪ್ಪತ್ತು ಸಲ ಚೆನ್ನಾಗಿ ಉಜ್ಜಿ. ಅದನ್ನು ಹಿಟ್ಟಿಗೆ ತಾಗಿಸದೆ, ಒಂದು ಬೆರಳಿನಷ್ಟು ಎತ್ತರದಲ್ಲಿ ಹಿಡಿಯಿರಿ. ಹಿಟ್ಟಿನ ಕಣಗಳು ಜಿಗಿದು ಸ್ಕೇಲಿಗೆ ಅಂಟಿಕೊಳ್ಳುತ್ತವೆ. ಈ ಪ್ರಯೋಗ ಚಳಿಗಾಲ ಮತ್ತು ಬೇಸಿಗೆಯ ಒಣ ಹವೆಯಲ್ಲಿ ಚೆನ್ನಾಗಿ ಆಗುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ಆಗ ಸರಿಯಾಗಿ ಆಗದಿರಬಹುದು.

ಉಜ್ಜಿದಾಗ ಸ್ಕೇಲಿನಲ್ಲಿ ವಿದ್ಯುದಾವೇಶ ಸಂಗ್ರಹವಾಗುತ್ತದೆ. ಇದೇ ಸ್ಥಾಯೀ ವಿದ್ಯುತ್. ವಿರುದ್ಧ ಆವೇಶಗಳು ಒಂದನ್ನೊಂದು ಆಕರ್ಷಿಸುತ್ತವೆ ಎಂದು ನೀವು ಕಲಿಯುತ್ತೀರಿ. ಪೌಡರ್ ಕೋಟಿಂಗ್‌ನಲ್ಲಿ ನಡೆಯುವುದೂ ಇದೇ. ಪುಡಿಯನ್ನು ಚಿಮ್ಮಿಸುವ ಗನ್ನಿನ ತುದಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಅದರ ಮೂಲಕ ಹೊರಬರುವ ಪ್ರತಿ ಕಣವೂ ಆವೇಶ ಪಡೆಯುತ್ತದೆ. ಬಣ್ಣ ಕೊಡಬೇಕಾದ ಲೋಹದ ವಸ್ತುವನ್ನು ಕೊಕ್ಕೆಗೆ ತೂಗುಹಾಕಿ ಭೂಮಿಗೆ ಜೋಡಿಸಿರುತ್ತಾರೆ, ಅಂದರೆ 'ಅರ್ಥಿಂಗ್' ಮಾಡಿರುತ್ತಾರೆ. ಕಣಗಳು ಲೋಹದತ್ತ ಸೆಳೆಯಲ್ಪಟ್ಟು ಅದರ ಮೇಲೆ ಕೂರುತ್ತವೆ. ಕೆಲವು ಕಣಗಳು ಸುತ್ತಿಕೊಂಡು ಹಿಂಬದಿಗೂ ಹೋಗಿ ಅಂಟುತ್ತವೆ!

ಲೋಹಕ್ಕೆ ಅಂಟದೆ ಕೆಳಗೆ ಬಿದ್ದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸಬಹುದು. ಡಬ್ಬಿಯ ಬಣ್ಣವನ್ನು ತೆಳ್ಳಗೆ ಮಾಡಲು ಥಿನ್ನರ್ ಬೇಕು, ಅದರ ಘಾಟು ಗಾಳಿಗೆ ಸೇರುತ್ತದೆ. ಪುಡಿ ಬಣ್ಣಕ್ಕೆ ಥಿನ್ನರ್ ಬೇಕಿಲ್ಲ. ಈ ವಿಧಾನದ ದೊಡ್ಡ ಲಾಭಗಳು ಇವು.

ಕರಗಿ, ಹರಡಿ, ಗಟ್ಟಿಯಾಗಿ

ಈ ಹಂತದಲ್ಲಿ ಪುಡಿಯನ್ನು ಬೆರಳಿನಿಂದ ಒರೆಸಿದರೆ ಬಿದ್ದುಹೋಗುತ್ತದೆ. ಸ್ಕೇಲಿಗೆ ಅಂಟಿದ ಹಿಟ್ಟನ್ನು ಕೊಡವಿದಂತೆಯೇ. ಆದ್ದರಿಂದ ವಸ್ತುವನ್ನು ಜಾಗ್ರತೆಯಿಂದ ಓವನ್ನಿಗೆ ಸಾಗಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರುತ್ತದೆ. ಪುಡಿ ಮೊದಲು ಕರಗಿ ಜೇನಿನಂತೆ ಹರಡುತ್ತದೆ. ಬಳಿಕ ಅದರ ಅಣುಗಳು ಒಂದಕ್ಕೊಂದು ಕೈಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಹತ್ತಿಪ್ಪತ್ತು ನಿಮಿಷಗಳಲ್ಲಿ ಗಟ್ಟಿಯಾದ ಹೊದಿಕೆ ಸಿದ್ಧವಾಗುತ್ತದೆ.

ಮೇಣದ ಬತ್ತಿಯನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಗಟ್ಟಿ ಮಾಡಬಹುದು. ಆದರೆ ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲು ಬರುವುದಿಲ್ಲ. ಪುಡಿ ಬಣ್ಣ ಇಡ್ಲಿಯ ಜಾತಿಗೆ ಸೇರಿದ್ದು. ಒಮ್ಮೆ ಬೆಂದ ಮೇಲೆ ಎಷ್ಟು ಬಿಸಿ ಮಾಡಿದರೂ ಅದು ಕರಗಿ ಹರಿಯುವುದಿಲ್ಲ.

ಸಣ್ಣ ಸಾಮಾನಿನ ತೊಡಕು

ದೊಡ್ಡ ವಸ್ತುಗಳನ್ನು ತೂಗುಹಾಕಬಹುದು. ಉಗುರಿನಷ್ಟು ಚಿಕ್ಕ ತುಣುಕುಗಳನ್ನು ಏನು ಮಾಡುವುದು? ಅವನ್ನು ಪುಡಿಯೊಂದಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕುಲುಕುವ ಕ್ರಮವೂ ಇದೆ. ಉಜ್ಜಾಟದಿಂದಲೇ ಆವೇಶ ಹುಟ್ಟಿ ಪುಡಿ ಅಂಟುತ್ತದೆ. ಆದರೆ ಬೇಯಿಸುವಾಗ ಅವನ್ನು ತಗಡಿನ ತಟ್ಟೆಯ ಮೇಲೆ ಇಟ್ಟರೆ ಕರಗಿದ ಬಣ್ಣ ತಟ್ಟೆಗೂ ಅಂಟುತ್ತದೆ. ಕೀಳಲು ಹೋದರೆ ಬಣ್ಣ ಕಿತ್ತುಬರುತ್ತದೆ.

ಅದಕ್ಕೆ ಉಪಾಯ ಸಿಲಿಕೋನ್ ಮ್ಯಾಟ್. ಇದು ಮೂಲತಃ ಬೇಕರಿಯ ವಸ್ತು. ಬಿಸ್ಕತ್ತು ತಟ್ಟೆಗೆ ಅಂಟದಿರಲಿ ಎಂದು ಹಾಸುತ್ತಾರೆ. ಒಳಗೆ ಗಾಜಿನ ನಾರಿನ ಜಾಲರಿ, ಎರಡೂ ಕಡೆ ಸಿಲಿಕೋನ್ ಪದರ ಇರುತ್ತದೆ. ಸಾಮಾನ್ಯ ಮ್ಯಾಟ್‌ಗಳು ಸುಮಾರು 230 ಡಿಗ್ರಿಯವರೆಗೆ ತಾಳಿಕೊಳ್ಳುತ್ತವೆ. ನಮ್ಮ ಪ್ಲಾಸ್ಟಿಕ್ ಕೈಚೀಲ ಸುಮಾರು 110 ಡಿಗ್ರಿಯಲ್ಲೇ ಕರಗಿಬಿಡುತ್ತದೆ. ಪೌಡರ್ ಕೋಟಿಂಗ್ ಘಟಕಗಳಲ್ಲಿ ಸಿಲಿಕೋನ್ ಬಿರಡೆಗಳನ್ನೂ ಬಳಸುತ್ತಾರೆ. ಬೋಲ್ಟು ಕೂರುವ ರಂಧ್ರಕ್ಕೆ ಬಿರಡೆ ಹಾಕಿದರೆ ಅದರೊಳಗೆ ಬಣ್ಣ ಹೋಗುವುದಿಲ್ಲ.

ಸಿಲಿಕಾನ್ ಬೇರೆ, ಸಿಲಿಕೋನ್ ಬೇರೆ

ಹೆಸರು ಒಂದೇ ರೀತಿ ಕೇಳಿಸಿದರೂ ಇವೆರಡು ಬೇರೆ. ಸಿಲಿಕಾನ್ ಒಂದು ಮೂಲವಸ್ತು. ಮರಳಿನಲ್ಲಿ ಆಮ್ಲಜನಕದ ಜೊತೆ ಸೇರಿಕೊಂಡಿರುತ್ತದೆ. ಕಂಪ್ಯೂಟರ್ ಚಿಪ್ಪುಗಳನ್ನು ಮಾಡುವುದು ಇದರಿಂದಲೇ. ಸಿಲಿಕೋನ್ ಎಂಬುದು ಮನುಷ್ಯ ತಯಾರಿಸಿದ ರಬ್ಬರಿನಂಥ ವಸ್ತು. ಅದರ ಅಣು ಉದ್ದನೆಯ ಸರಪಳಿ. ಸರಪಳಿಯ ಕೊಂಡಿಗಳಲ್ಲಿ ಸಿಲಿಕಾನ್, ಆಮ್ಲಜನಕ, ಸಿಲಿಕಾನ್, ಆಮ್ಲಜನಕ ಹೀಗೆ ಒಂದಾದ ಮೇಲೊಂದು ಬರುತ್ತವೆ. ಈ ಬಂಧ ಬಲವಾದದ್ದು. ಆದ್ದರಿಂದ ಸಿಲಿಕೋನ್ ಬಿಸಿಯನ್ನು ತಾಳುತ್ತದೆ.

ಸರಪಳಿಯ ಎರಡೂ ಬದಿಗೆ ಇಂಗಾಲ ಮತ್ತು ಜಲಜನಕದ ಚಿಕ್ಕ ಗುಂಪುಗಳು ಹೊರಮುಖವಾಗಿ ನಿಂತಿರುತ್ತವೆ. ಇವು ಬೇರೆ ವಸ್ತುಗಳ ಅಣುಗಳನ್ನು ಬಲವಾಗಿ ಹಿಡಿದುಕೊಳ್ಳುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಹರಡದೆ ಮುತ್ತಿನಂತೆ ಉರುಳುವುದನ್ನು ನೋಡಿದ್ದೀರಲ್ಲವೇ? ಅಲ್ಲಿಯ ಮೇಣದ ಪದರವೂ ನೀರನ್ನು ಹಿಡಿಯುವುದಿಲ್ಲ. ಸಿಲಿಕೋನ್ ಮೇಲೆಯೂ ಕರಗಿದ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಆರಿದ ಮೇಲೆ ತುಣುಕು ಸುಲಭವಾಗಿ ಬಿಟ್ಟುಬರುತ್ತದೆ.

ಮಾಡಿ ನೋಡಿ: ಗಾಜಿನ ಬಳಪವೊಂದರ ಅಥವಾ ಸ್ಟೀಲ್ ತಟ್ಟೆಯ ಅರ್ಧಭಾಗಕ್ಕೆ ಮೇಣದ ಬತ್ತಿಯನ್ನು ಉಜ್ಜಿ. ಎರಡೂ ಭಾಗಗಳ ಮೇಲೆ ಒಂದೊಂದು ಹನಿ ನೀರು ಬಿಡಿ. ಯಾವ ಹನಿ ಹರಡಿತು? ಯಾವುದು ಗುಂಡಗೆ ನಿಂತಿತು? ಪಕ್ಕದಿಂದ ನೋಡಿ ಚಿತ್ರ ಬರೆಯಿರಿ.

ಮ್ಯಾಟ್ ಸ್ವಚ್ಛ ಮಾಡುವ ಬಗೆ

ಕಾರ್ಖಾನೆಯ ಕೆಲಸಗಾರರು ಪಾಲಿಸಬೇಕಾದ ಪ್ರತಿ ನಿಯಮದ ಹಿಂದೆಯೂ ವಿಜ್ಞಾನವಿದೆ.

1. ಮ್ಯಾಟ್ ಪೂರ್ತಿ ಆರಿದ ಮೇಲೆಯೇ ಮುಟ್ಟಬೇಕು. ಆಗ ಬಣ್ಣ ಗಟ್ಟಿಯಾಗಿರುತ್ತದೆ, ಸಿಲಿಕೋನ್ ಮಾತ್ರ ಮೆದುವಾಗಿ ಬಾಗುತ್ತದೆ. ಮ್ಯಾಟನ್ನು ಮೆಲ್ಲಗೆ ಬಾಗಿಸಿದರೆ ಬಾಗದ ಬಣ್ಣದ ಚೂರು ತಾನಾಗಿ ಏಳುತ್ತದೆ.

2. ಉಳಿದ ಒಣ ಪುಡಿಯನ್ನು ಊದಬಾರದು, ಪೊರಕೆಯಿಂದ ಗುಡಿಸಬಾರದು. ಸಣ್ಣ ಕಣಗಳು ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತವೆ. ಗಾಳಿಯಲ್ಲಿ ದಟ್ಟವಾಗಿ ತೇಲುವ ಪುಡಿಗೆ ಕಿಡಿ ತಾಗಿದರೆ ಸ್ಫೋಟವಾಗುವ ಅಪಾಯವೂ ಇದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

3. ಸಾಬೂನು ಮತ್ತು ಬಿಸಿನೀರಿನಿಂದ ಮೃದು ಬಟ್ಟೆಯಲ್ಲಿ ತೊಳೆಯಬೇಕು. ಸಿಲಿಕೋನ್ ಎಣ್ಣೆಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಹಾಗಾದಾಗ ಮ್ಯಾಟ್ ಜಿಡ್ಡು ಜಿಡ್ಡಾಗುತ್ತದೆ.

4. ಚಾಕು, ತಂತಿ ಬ್ರಷ್ಷು ಬಳಸಬಾರದು. ಮೇಲ್ಪದರ ಹರಿದರೆ ಒಳಗಿನ ಗಾಜಿನ ನಾರು ಹೊರಬರುತ್ತದೆ. ಅದು ಚರ್ಮಕ್ಕೆ ಚುಚ್ಚಿ ತುರಿಕೆ ಉಂಟುಮಾಡುತ್ತದೆ. ಅಂಥ ಮ್ಯಾಟನ್ನು ಎಸೆಯಬೇಕು.

5. ಪೆಟ್ರೋಲು, ಥಿನ್ನರ್ ಹಾಕಿ ನೆನೆಸಬಾರದು. ಸಿಲಿಕೋನ್ ಅವನ್ನು ಹೀರಿ ಉಬ್ಬಿಕೊಳ್ಳುತ್ತದೆ. ಬೆಂಕಿಯ ಅಪಾಯ ಬೇರೆ.

ತೊಳೆದರೆ ಅಡುಗೆಮನೆಗೆ ಬರಬಹುದೇ?

ಇದೇ ನಮ್ಮ ಮೂರನೆಯ ಪ್ರಶ್ನೆ. ಬಣ್ಣಕ್ಕೆ ಬಳಸಿದ ಮ್ಯಾಟನ್ನು ಫಳಫಳ ಹೊಳೆಯುವಂತೆ ತೊಳೆದಿದ್ದೇವೆ. ಅದರ ಮೇಲೆ ರೊಟ್ಟಿ, ಬಿಸ್ಕತ್ತು ಇಡಬಹುದೇ? ಖಂಡಿತ ಬೇಡ. ಬಣ್ಣ ಬೇಯಿಸಿದ ಓವನ್ನಾಗಲಿ, ಪುಡಿ ಕುಲುಕಿದ ಡಬ್ಬಿಯಾಗಲಿ ಮತ್ತೆ ಊಟದ ಕೆಲಸಕ್ಕೆ ಬಾರದು.

ಇದಕ್ಕೆ ಒಂದು ಮುಖ್ಯ ಕಾರಣ ಸೀಸ. ಮೀನಿನ ಗಾಳಕ್ಕೆ ಕಟ್ಟುವ ತೂಕದ ಗುಂಡುಗಳನ್ನು ಸೀಸದಿಂದ ಮಾಡುತ್ತಾರೆ, ಅವುಗಳಿಗೆ ಪುಡಿ ಬಣ್ಣ ಕೊಡುವುದುಂಟು. ಅಮೆರಿಕದಂಥ ದೇಶಗಳಲ್ಲಿ ಗುರಿ ಹೊಡೆಯುವ ಹವ್ಯಾಸಿಗಳು ಅಚ್ಚಿನಲ್ಲಿ ಎರೆದ ಸೀಸದ ಬಂದೂಕಿನ ಗುಂಡುಗಳಿಗೂ ಇದೇ ಬಣ್ಣ ಕೊಟ್ಟು ಸಿಲಿಕೋನ್ ಮ್ಯಾಟ್ ಮೇಲೆ ಬೇಯಿಸುತ್ತಾರೆ. ಮೆದುವಾದ ಸೀಸ ಬಂದೂಕಿನ ನಳಿಗೆಗೆ ಮೆತ್ತಿಕೊಳ್ಳದಿರಲಿ ಎಂಬುದು ಉದ್ದೇಶ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗುಂಡು ತಯಾರಿಸುವುದು ಅಪರಾಧ.

ಸೀಸ ಕರಗುವುದು ಸುಮಾರು 327 ಡಿಗ್ರಿಯಲ್ಲಿ. ಆದ್ದರಿಂದ 200 ಡಿಗ್ರಿಯ ಓವನ್ನಿನಲ್ಲಿ ಅದು ಕರಗುವುದಿಲ್ಲ. ಹಾಗಾದರೆ ಭಯವೇನು ಎಂದು ನೀವು ಕೇಳಬಹುದು. ಭಯ ಇರುವುದು ಧೂಳಿನಲ್ಲಿ. ಸೀಸವನ್ನು ಮುಟ್ಟಿದರೂ ಸಾಕು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಕೈಗೆ, ಮ್ಯಾಟ್‌ಗೆ, ಬಟ್ಟೆಗೆ ಅಂಟುತ್ತವೆ. ಅಲ್ಲಿಂದ ಊಟದ ಮೂಲಕ ಹೊಟ್ಟೆಗೆ ಹೋಗುತ್ತವೆ. ಹೊಳಪು ಕಣ್ಣಿಗೆ ಕಾಣುತ್ತದೆ, ಸೀಸ ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಸೀಸ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಇಷ್ಟು ಪ್ರಮಾಣ ಇದ್ದರೆ ಅಪಾಯವಿಲ್ಲ ಎಂದು ಹೇಳುವಂಥ ಮಿತಿಯೇ ಇಲ್ಲ. ಅದಕ್ಕಾಗಿಯೇ ಭಾರತದಲ್ಲಿ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲನ್ನು ನಿಲ್ಲಿಸಲಾಯಿತು. ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸ 90 ಭಾಗಗಳನ್ನು ಮೀರಬಾರದು ಎಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ.

ರಾಯಾಪುರದ ಅಕ್ಷಯ ಪಾತ್ರ ಅಡುಗೆಮನೆಯಿಂದ ನಮ್ಮ ಅವಳಿ ನಗರದ ಅನೇಕ ಶಾಲೆಗಳಿಗೆ ಬಿಸಿಯೂಟ ಬರುತ್ತದೆ. ಅಂಥ ದೊಡ್ಡ ಅಡುಗೆಮನೆ ಇರಲಿ, ನಿಮ್ಮ ಮನೆಯ ಒಲೆಯ ಕಟ್ಟೆ ಇರಲಿ, ನಿಯಮ ಒಂದೇ. ಊಟದ ಪಾತ್ರೆ ಊಟಕ್ಕೆ, ಕೆಲಸದ ಪಾತ್ರೆ ಕೆಲಸಕ್ಕೆ.

ನೀವು ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ಯಾರಾದರೂ ಬಣ್ಣದ ಘಟಕದಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಅಥವಾ ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆಯೇ? ಹಾಗಿದ್ದರೆ ಈ ಮಾತುಗಳನ್ನು ಅವರಿಗೆ ಓದಿ ಹೇಳಿ. ಬುತ್ತಿ ಬಿಚ್ಚುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಬೇರೆಯಾಗಿ ಒಗೆಯಬೇಕು. ಚಿಕ್ಕ ತಮ್ಮ ತಂಗಿಯರನ್ನು ಎತ್ತಿಕೊಳ್ಳುವ ಮುನ್ನ ಬಟ್ಟೆ ಬದಲಿಸಬೇಕು. ಖಾಲಿ ಬಣ್ಣದ ಡಬ್ಬಿಯಲ್ಲಿ ಕಾಳು, ಎಣ್ಣೆ ತುಂಬಿಡಬಾರದು. ಹಳೆಯ ಬ್ಯಾಟರಿಯನ್ನು ನೀವೇ ಒಡೆಯಲು ಹೋಗಬೇಡಿ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಇರುವ ಸೊಪ್ಪು, ರಾಗಿ, ಹಾಲು ಚೆನ್ನಾಗಿ ಸೇವಿಸಿ. ಇವು ಕಡಿಮೆಯಾದ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ.

ಯೋಚಿಸಿ ಉತ್ತರಿಸಿ

1. ಮರದ ತುಂಡಿಗೆ ಪೌಡರ್ ಕೋಟಿಂಗ್ ಮಾಡುವುದು ಲೋಹಕ್ಕಿಂತ ಏಕೆ ಕಷ್ಟ?
2. ಮೇಣ ಮತ್ತು ಪುಡಿ ಬಣ್ಣ, ಇವೆರಡನ್ನು ಬಿಸಿ ಮಾಡಿದಾಗ ಆಗುವ ವ್ಯತ್ಯಾಸವೇನು?
3. ನಿಮ್ಮ ಶಾಲೆಯಲ್ಲಿ ಪುಡಿ ಬಣ್ಣದ ವಸ್ತುಗಳು ಯಾವುವು ಇರಬಹುದು? ಪಟ್ಟಿ ಮಾಡಿ, ನಿಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.