ಬಾಟಲಿಯೊಳಗಿನ ಮುಳುಗು ತಜ್ಞ

ಔಷಧಿ ಅಂಗಡಿಯ ಗಾಜಿನ ಡ್ರಾಪರ್ ಒಂದು, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಬಾಟಲಿ ಒಂದು, ಒಂದು ಲೋಟ. ಸಾಮಗ್ರಿ ಇಷ್ಟೇ. ನೀರು ತುಂಬಿದ ಬಾಟಲಿಯನ್ನು ಹಿಂಡಿದರೆ ಡ್ರಾಪರ್ ತಳಕ್ಕಿಳಿಯುತ್ತದೆ, ಕೈ ಸಡಿಲಿಸಿದರೆ ಮೇಲೇಳುತ್ತದೆ.

ಮುಕ್ಕಾಲು ಕೆಲಸ ಲೋಟದಲ್ಲೇ ಮುಗಿಯಬೇಕು. ಡ್ರಾಪರಿಗೆ ಸ್ವಲ್ಪ ನೀರು ಎಳೆದುಕೊಂಡು ಲೋಟದ ನೀರಿಗೆ ಬಿಡಿ. ಮುಳುಗಿದರೆ ಎರಡು ಹನಿ ಹೊರಹಾಕಿ. ತೀರಾ ಮೇಲೆ ತೇಲಿದರೆ ಇನ್ನೆರಡು ಹನಿ ಎಳೆಯಿರಿ. ರಬ್ಬರಿನ ತುದಿ ಮಾತ್ರ ನೀರಿನ ಮೇಲೆ ಇಣುಕುತ್ತಿರಬೇಕು. ಇಲ್ಲಿ ಅವಸರ ಮಾಡಿದವರೇ ಆಮೇಲೆ "ಸಾರ್, ನಮ್ದು ಇಳೀತಾನೇ ಇಲ್ಲ" ಎನ್ನುವುದು. ಡ್ರಾಪರ್ ಪ್ಲಾಸ್ಟಿಕ್‌ದಾದರೆ ತುದಿಗೆ ತಾಮ್ರದ ತಂತಿ ಸುತ್ತಿ ಭಾರ ಮಾಡಿಕೊಳ್ಳಿ. ಬಾಟಲಿಗೆ ಕಂಠಪೂರ್ತಿ ನೀರು ತುಂಬಿ, ಡ್ರಾಪರ್ ಇಳಿಬಿಟ್ಟು, ಮುಚ್ಚಳ ತಿರುಗಿಸಿ. ಮೇಲೆ ಗಾಳಿ ಉಳಿದರೆ ನಿಮ್ಮ ಮುಷ್ಟಿಯ ಬಲ ಆ ಗಾಳಿಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ.

ಯಾಕೆ ಇಳಿಯಿತು ಎಂದು ಕೇಳಿ. "ನೀರು ಮೇಲಿಂದ ತಳ್ತು" ಎಂದೇ ಹೆಚ್ಚಿನ ಮಕ್ಕಳ ಉತ್ತರ. ತಪ್ಪು ಎನ್ನುವ ಬದಲು ಬಾಟಲಿಯ ತಳದ ಹತ್ತಿರ ಹಿಂಡಲು ಹೇಳಿ. ಆಗಲೂ ಇಳಿಯುತ್ತದೆ! ಮುಚ್ಚಿದ ದ್ರವದಲ್ಲಿ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಅಷ್ಟೇ ಆಗಿ ಹರಡುತ್ತದೆ. ಪಾಸ್ಕಲ್ ನಿಯಮ ಎಂದು ಬೋರ್ಡಿನ ಮೇಲೆ ಬರೆಯುವುದು ಇದಾದ ಮೇಲೆ.

ಈಗ ಗಾಜಿನ ಕೊಳವೆಯೊಳಗಿನ ನೀರಿನ ಗೆರೆಯ ಮೇಲೆ ಕಣ್ಣಿಡಿ. ಹಿಂಡಿದಾಗ ಗೆರೆ ಮೇಲೇರುತ್ತದೆ, ಬಿಟ್ಟಾಗ ಕೆಳಗೆ ಜಾರುತ್ತದೆ. ಗುಟ್ಟೆಲ್ಲ ಇರುವುದು ಅಲ್ಲೇ. ನೀರು ಒತ್ತಡಕ್ಕೆ ಬಗ್ಗುವ ಪೈಕಿಯಲ್ಲ. ಕುಗ್ಗುವುದು ರಬ್ಬರಿನಡಿ ಸಿಕ್ಕಿಕೊಂಡ ಗಾಳಿ. ಗಾಜು, ರಬ್ಬರ್ ಸೇರಿ ತೂಕ 4 ಗ್ರಾಂ ಅನ್ನೋಣ. ಅವು ಮತ್ತು ಒಳಗಿನ ಗಾಳಿ ಒಟ್ಟು 4.1 ಮಿಲಿಲೀಟರ್ ಜಾಗ ಹಿಡಿಯುತ್ತವೆ ಅನ್ನೋಣ. ಪೂರ್ತಿ ಮುಳುಗಿದರೆ ಪಕ್ಕಕ್ಕೆ ಸರಿಯುವ ನೀರಿನ ತೂಕ 4.1 ಗ್ರಾಂ. ತನ್ನ ತೂಕಕ್ಕಿಂತ ಹೆಚ್ಚು, ಹಾಗಾಗಿ ತೇಲುತ್ತದೆ. ಹಿಂಡಿದಾಗ ಗಾಳಿ 0.2 ಮಿಲಿಲೀಟರ್ ಕುಗ್ಗಿತು; ಸರಿಯುವ ನೀರು 3.9 ಗ್ರಾಂಗೆ ಇಳಿಯಿತು, ಡ್ರಾಪರೂ ಇಳಿಯಿತು. ತೂಕ ಒಂದಿಷ್ಟೂ ಬದಲಾಗಲಿಲ್ಲ, ಗಾತ್ರ ಬದಲಾಯಿತು. ಸಾಂದ್ರತೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪರಿಚಯ ನನಗೆ ಗೊತ್ತಿಲ್ಲ.

ಈ ಆಟಿಕೆಗೆ ಫ್ರಾನ್ಸಿನ ಡೆಕಾರ್ಟ್ ಹೆಸರು ಅಂಟಿಕೊಂಡು ಕಾರ್ಟೀಸಿಯನ್ ಡೈವರ್ ಎಂದಾಗಿದೆ. ಆದರೆ 1648ರಲ್ಲಿ ಇದನ್ನು ವಿವರಿಸಿ ಅಚ್ಚು ಹಾಕಿಸಿದವನು ಇಟಲಿಯ ಮಜೋಟಿ. ಅವನಿಗೆ ತೋರಿಸಬೇಕಿದ್ದದ್ದೂ ನೀರು ಕುಗ್ಗುವುದಿಲ್ಲ ಎಂಬುದನ್ನೇ.

ಕೆಲವೊಮ್ಮೆ ಕೈ ಬಿಟ್ಟರೂ ಡ್ರಾಪರ್ ತಳ ಬಿಟ್ಟು ಏಳುವುದಿಲ್ಲ. ಪ್ರಯೋಗ ಕೆಟ್ಟಿತೆಂದು ಬಾಟಲಿ ಎತ್ತಿಡಬೇಡಿ. ಸುಮಾರು 10 ಮೀಟರ್ ಆಳದ ನೀರು ಒಂದು ವಾಯುಮಂಡಲದಷ್ಟು ಒತ್ತಡ ಹೇರುತ್ತದೆ. ಆ ಲೆಕ್ಕದಲ್ಲಿ 30 ಸೆಂಟಿಮೀಟರ್ ಬಾಟಲಿಯ ತಳದಲ್ಲೂ ಶೇ. 3ರಷ್ಟು ಹೆಚ್ಚಿನ ಒತ್ತಡವಿದೆ. ಅಳತೆ ತೀರಾ ನಾಜೂಕಾಗಿದ್ದರೆ ಗಾಳಿಯನ್ನು ಕುಗ್ಗಿಸಿಯೇ ಇಡಲು ಅಷ್ಟೇ ಸಾಕು. ಡ್ರಾಪರ್ ಹೊರತೆಗೆದು, ಒಂದೇ ಒಂದು ಹನಿ ಚೆಲ್ಲಿ ಮತ್ತೆ ಬಿಡಿ.